ಯಶೋಧರ ಚರಿತೆಯಲ್ಲಿ ಶೃಂಗಾರದ ಔಚಿತ್ಯ

ಕಾಮವನ್ನು ವರ್ಣಿಸುವ ಕವಿಯ ಶಕ್ತಿಯು ಹೇಳಿದುದರಲ್ಲಿರುವಷ್ಟೇ ಹೇಳದೆ ಉಳಿಸಿದುದರಲ್ಲಿಯೂ ಇರುತ್ತದೆ. ಜನ್ನನ ಯಶೋಧರ ಚರಿತೆ (ಕ್ರಿ.ಶ. 1209) ಇದಕ್ಕೆ ಉತ್ತಮ ನಿದರ್ಶನ.

ಅಮೃತಮತಿಯ ಅನುರಾಗವು ಕಿವಿಯ ಮೂಲಕ ಹುಟ್ಟುತ್ತದೆ. ಇರುಳಿನಲ್ಲಿ ತೇಲಿಬಂದ ಮಾವುತನ ಗಾನಕ್ಕೆ, ಅವನನ್ನು ಕಾಣುವ ಮೊದಲೇ, ಅವಳು ಮನಸೋಲುತ್ತಾಳೆ. ಅವನ ವಿಕಾರರೂಪದ ವರ್ಣನೆಯನ್ನು ಕವಿಯು ದೂತಿಯ ಬಾಯಲ್ಲಿರಿಸಿದ್ದಾನೆ. ಅದನ್ನು ಕೇಳಿಯೂ ರಾಣಿ ಹಿಂಜರಿಯುವುದಿಲ್ಲ. ರೂಪವರ್ಣನೆಯೇ ಶೃಂಗಾರದ ಜೀವವೆಂಬ ರೂಢಿ ಇಲ್ಲಿ ಮುರಿದುಬೀಳುತ್ತದೆ. ತಡವಾಗಿ ಬಂದಳೆಂದು ಮಾವುತನು ಥಳಿಸಿದಾಗ ಸಹಿಸಿದವಳು, ಅನಂತರ ಅರಸನು ನೆಯ್ದಿಲ ಹೂವಿನಿಂದ ಹೊಡೆದಾಗ ಮೂರ್ಛೆಹೋಗುತ್ತಾಳೆ. ಈ ಎರಡು ಪೆಟ್ಟುಗಳ ಅಂತರದಲ್ಲಿಯೇ ಕಾಮದ ಬಲವೂ ದಾಂಪತ್ಯದ ಬಿರುಕೂ ವ್ಯಕ್ತವಾಗಿವೆ. ಅಂಗಾಂಗವರ್ಣನೆಯ ನೆರವು ಕವಿಗೆ ಬೇಕಾಗಿಲ್ಲ.

ಇಂತಹ ಭಾಗಗಳು ಧರ್ಮಕಾವ್ಯಕ್ಕೆ ತಕ್ಕುವಲ್ಲವೆಂದೂ ಸಂಗ್ರಹಗಳಲ್ಲಿ ಅವನ್ನು ಕೈಬಿಡಬೇಕೆಂದೂ ವಾದಿಸುವುದುಂಟು. ಇದು ಒಪ್ಪತಕ್ಕ ಮಾತಲ್ಲ. ರಾಣಿಯನ್ನು ಹಿಂಬಾಲಿಸಿಬಂದ ಯಶೋಧರನು ಮರೆಯಲ್ಲಿ ನಿಂತು ಎಲ್ಲವನ್ನೂ ಕಾಣುತ್ತಾನೆ. ಕತ್ತಿಯನ್ನೆತ್ತಿಯೂ ಕೊಲ್ಲದೆ ಹಿಂದೆಗೆಯುತ್ತಾನೆ. ಆ ಮೋಹದ ಬಿಸಿ ಓದುಗನಿಗೂ ತಟ್ಟದಿದ್ದಲ್ಲಿ ಅರಸನ ಸಂಯಮಕ್ಕೆ ಬೆಲೆಯೆಲ್ಲಿ? ಮುಂದಿನ ಹಿಟ್ಟಿನ ಕೋಳಿಯ ಬಲಿ, ಅದರಿಂದಾದ ಸಂಕಲ್ಪಹಿಂಸೆ, ಭವಾವಳಿಯ ಯಾತನೆ ಎಲ್ಲವೂ ಆ ಇರುಳಿಗೆ ಕಟ್ಟುಬಿದ್ದಿವೆ. ಲಿಪಿಕಾರನ ಸ್ಖಾಲಿತ್ಯವನ್ನು ತಿದ್ದುವ ಅಧಿಕಾರ ಸಂಪಾದಕನಿಗುಂಟು. ಆ ಇರುಳನ್ನು ಅಳಿಸುವ ಅಧಿಕಾರ ಅವನಿಗಿಲ್ಲ.