ಕೊನೆಯ ಕಲ್ಲು ಮತ್ತು ಊರಿನ ನುಡಿ

ಅಮೆರಿಕದ ಸಾರ್ವಜನಿಕ ಆಡಳಿತ ಮತ್ತು ನಿರ್ವಹಣಾಶಾಸ್ತ್ರದ ಸ್ನಾತಕೋತ್ತರ ವಿಭಾಗಗಳಲ್ಲಿ ಅಧ್ಯಯನದ ಕೊನೆಯ ಘಟ್ಟವನ್ನು ‘ಕ್ಯಾಪ್‌ಸ್ಟೋನ್’ ಎಂದು ಕರೆಯುವ ರೂಢಿಯಿದೆ. ಗೋಡೆ ಎದ್ದು ನಿಂತ ಮೇಲೆ ಅದರ ನೆತ್ತಿಗೆ ಇಡುವ ಕಲ್ಲು ಎಂಬುದು ಈ ಪದದ ಮೂಲಾರ್ಥ. ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ಯಾವುದಾದರೊಂದು ಸಂಸ್ಥೆಗೆ, ಅನೇಕ ವೇಳೆ ಸ್ವಯಂಸೇವಾ ಸಂಸ್ಥೆಗೆ, ಸಲಹೆಗಾರರಾಗಿ ದುಡಿಯುತ್ತಾರೆ. ಅಗತ್ಯವಿದ್ದರೆ ಸಾಗರ ದಾಟಿ ಹೋಗುತ್ತಾರೆ. ವರದಿ ಒಪ್ಪಿಸಿ ಪದವಿ ಪಡೆಯುತ್ತಾರೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ವ್ಯಾಗ್ನರ್ ಶಾಲೆಯಲ್ಲಿ ಈ ಕೆಲಸ ಸುಮಾರು ಒಂದು ಶೈಕ್ಷಣಿಕ ವರ್ಷ ನಡೆಯುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ರಾಸ್ ಶಾಲೆ 1992ರಲ್ಲಿ ಆರಂಭಿಸಿದ ಇದೇ ಬಗೆಯ ಯೋಜನೆಯ ಅವಧಿ ಏಳು ವಾರ.

ಈ ಶಿಕ್ಷಣಕ್ರಮದ ಬಗ್ಗೆ ಎದ್ದಿರುವ ಆಕ್ಷೇಪಗಳು ಹೊಸವೇನಲ್ಲ. ಅವಧಿ ಅಲ್ಪ, ಪ್ರವಾಸದ ವೆಚ್ಚ ಅಧಿಕ, ಲಾಭವೆಲ್ಲ ವಿದ್ಯಾರ್ಥಿಯ ಪಾಲಿಗೇ ಹೆಚ್ಚು ಎಂಬ ಮಾತುಗಳನ್ನು ನಾವು ಕೇಳಿದ್ದೇವೆ. ಗಡಿನಾಡಿನಲ್ಲಿ ನಿಂತು ನೋಡುವವರಿಗೆ ಇವೆಲ್ಲಕ್ಕಿಂತ ಮೊದಲು ಕಾಣುವ ಪ್ರಶ್ನೆ ಬೇರೆ: ವರದಿ ಯಾರನ್ನು ಕುರಿತದ್ದೋ ಅವರ ನುಡಿಯಲ್ಲಿ ಅದು ಅಸ್ತಿತ್ವಕ್ಕೆ ಬರುತ್ತದೆಯೇ?

ಈ ಪ್ರಶ್ನೆಗೆ ಹಿರಿಯ ಪೂರ್ವಜನೊಬ್ಬನಿದ್ದಾನೆ. 1968ರ ಏಪ್ರಿಲ್‌ನಲ್ಲಿ ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ಇವಾನ್ ಇಲಿಚ್, ಸೇವೆಗೆಂದು ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಎದುರಿಗೇ ಅವರ ಸದುದ್ದೇಶವನ್ನು ಕಟುವಾಗಿ ತಿರಸ್ಕರಿಸಿದ. ಆ ಭಾಷಣವನ್ನು ಸಾಮಾನ್ಯವಾಗಿ ಪರೋಪಕಾರದ ಅಹಂಕಾರದ ವಿಮರ್ಶೆಯೆಂದು ಓದುತ್ತೇವೆ. ಅದರೊಳಗೆ ಭಾಷೆಯ ವಾದವೂ ಇದೆ. ತಾವು ಮಾಡುತ್ತಿರುವುದೇನು, ಊರವರು ತಮ್ಮನ್ನು ಕುರಿತು ಏನೆಂದುಕೊಳ್ಳುತ್ತಿದ್ದಾರೆ ಎಂಬುದೂ ತಿಳಿಯದಷ್ಟು ನುಡಿಗುರುಡರಾಗಿ ಹಳ್ಳಿಯೊಂದರ ಮೇಲೆ ಹೊರೆಯಾಗುವುದು ಅನ್ಯಾಯ ಎಂಬುದು ಅವನ ಮಾತಿನ ಸಾರ. ಇದನ್ನು ಹೇಳಿದವನು ಅದೇ ಊರಿನಲ್ಲಿ ಹೊರಗಿನಿಂದ ಬಂದವರಿಗೆ ಸ್ಪ್ಯಾನಿಷ್ ಕಲಿಸುವ ಕೇಂದ್ರವನ್ನು ನಡೆಸುತ್ತಿದ್ದ ಎಂಬುದನ್ನು ಮರೆಯಬಾರದು.

ಇಲಿಚ್ ಎದುರಿಗಿದ್ದದ್ದು ಎರಡು ಭಾಷೆಗಳ ನಡುವಿನ ಅಂತರ. ರೊಳ್ಳದಂಥ ಊರಿನಲ್ಲಿ ಆ ಅಂತರಕ್ಕೆ ಮೂರನೆಯ ಮೆಟ್ಟಿಲೊಂದು ಸೇರಿಕೊಳ್ಳುತ್ತದೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಇರುವುದು ಪಕ್ಕದ ಅಮರಾಪುರ ಮಂಡಲದಲ್ಲಿ. ಕನ್ನಡ ಇಲ್ಲಿ ನಿನ್ನೆ ಮೊನ್ನೆ ವಲಸೆ ಬಂದದ್ದಲ್ಲ. ಗಡಿರೇಖೆಗಳು ಮಾತ್ರ ಮತ್ತೆ ಮತ್ತೆ ಬದಲಾಗಿವೆ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ ಅನಂತಪುರಕ್ಕೆ ಸೇರಿತು. ಮದ್ರಾಸ್ ಪ್ರಾಂತದ ಕಾಲದಲ್ಲೇ ಅನಂತಪುರ ಜಿಲ್ಲೆಯೊಳಗಿದ್ದ ಮಡಕಶಿರಾ ಅಲ್ಲೇ ಉಳಿಯಿತು. 2022ರ ಏಪ್ರಿಲ್ 4ರಂದು ಜಿಲ್ಲೆಗಳ ಪುನರ್ವಿಂಗಡಣೆಯಾಗಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು; ರಾಯದುರ್ಗ ಅನಂತಪುರದಲ್ಲೇ ಇದೆ. ಮನೆಯ ಮಾತು ಕನ್ನಡ, ಕಚೇರಿಯ ಕಡತ ತೆಲುಗು. ಹೊರಗಿನಿಂದ ಬರುವ ಸಲಹೆಗಾರನ ವರದಿ ಇಂಗ್ಲಿಷ್.

ಇಂಥ ತಂಡವೊಂದು ಇಲ್ಲಿಗೆ ಬಂದು ಮಹಿಳಾ ಸಂಘಗಳ ಸಾಲವ್ಯವಹಾರವನ್ನು ಅಧ್ಯಯನ ಮಾಡುತ್ತದೆ ಎಂದುಕೊಳ್ಳೋಣ. ಪ್ರಶ್ನಾವಳಿ ಇಂಗ್ಲಿಷಿನಲ್ಲಿ ಸಿದ್ಧವಾಗುತ್ತದೆ, ಸಂಸ್ಥೆಯ ಕಾರ್ಯಕರ್ತರು ಅದನ್ನು ತೆಲುಗಿಗೆ ತರುತ್ತಾರೆ, ಜಗಲಿಯ ಮೇಲೆ ಕುಳಿತ ಹೆಂಗಸು ಕನ್ನಡದಲ್ಲಿ ಉತ್ತರಿಸುತ್ತಾಳೆ. ‘ಸಾಲ ಇದೆಯೇ?’ ಎಂಬ ಪ್ರಶ್ನೆಗೆ ಅವಳು ‘ಇಲ್ಲ’ ಎನ್ನಬಹುದು. ನೆರೆಮನೆಯಿಂದ ತಂದ ಕೈಗಡ ಅವಳ ಲೆಕ್ಕದಲ್ಲಿ ಸಾಲವಲ್ಲ. ಅದಕ್ಕೆ ಬಡ್ಡಿಯಿಲ್ಲ, ಬರಹವಿಲ್ಲ; ಇರುವುದು ಮುಖದಾಕ್ಷಿಣ್ಯ ಮಾತ್ರ. ತೆಲುಗಿನಲ್ಲೂ ಇದಕ್ಕೆ ‘ಚೇಬದುಲು’ ಎಂಬ ಸೊಗಸಾದ ಮಾತಿದೆ. ಆದ್ದರಿಂದ ಈ ನಷ್ಟಕ್ಕೆ ತೆಲುಗನ್ನು ದೂರುವುದು ಸಲ್ಲದು. ಎರಡೂ ನೆರೆನುಡಿಗಳು ಬಲ್ಲ ಭೇದವೊಂದು ಪ್ರಶ್ನಾವಳಿಯ ಏಕೈಕ ಪದದಲ್ಲಿ ಅಳಿದುಹೋಗುತ್ತದೆ. ‘ಸಾಲವಿಲ್ಲದ ಕುಟುಂಬ’ ಎಂಬ ಕಲಮಿನಲ್ಲಿ ಅವಳ ಹೆಸರು ಸೇರುತ್ತದೆ, ಅದರ ಆಧಾರದ ಮೇಲೆ ಶಿಫಾರಸು ಹೊರಡುತ್ತದೆ. ವರದಿಯನ್ನು ಅವಳೆದುರು ಕನ್ನಡದಲ್ಲಿ ಒಮ್ಮೆ ಓದಿ ಹೇಳಿದ್ದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಇದನ್ನು ಅನುವಾದದ ಕೊರತೆಯೆಂದು ಕರೆದರೆ ದೋಷದ ಅರ್ಧವನ್ನಷ್ಟೇ ಹೇಳಿದಂತಾಗುತ್ತದೆ. ಮೂಲ ಇರುವುದು ‘ಗ್ರಾಹಕ’ ಎಂಬ ಪರಿಕಲ್ಪನೆಯಲ್ಲಿ. ಸಲಹಾವೃತ್ತಿಯ ವ್ಯಾಕರಣದಲ್ಲಿ ಗ್ರಾಹಕ ಎಂದರೆ ಸಂಸ್ಥೆ; ಊರಿನವರು ಮಾಹಿತಿದಾರರು. ಗ್ರಾಹಕನಿಗೆ ವರದಿ ತಲುಪಿದೊಡನೆ ಕರ್ತವ್ಯ ಮುಗಿಯಿತು. ಮೌಲ್ಯಮಾಪನವನ್ನೂ ಇದೇ ವ್ಯಾಕರಣ ಆಳುವುದಾದರೆ, ವರದಿಯನ್ನು ತಪ್ಪೆಂದು ಹೇಳಬಲ್ಲ ಏಕೈಕ ಓದುಗವರ್ಗ ಮೌಲ್ಯಮಾಪನದ ಹೊರಗೇ ಉಳಿಯುತ್ತದೆ.

ಇದಕ್ಕೊಂದು ಪ್ರತಿವಾದವಿದೆ, ಅದನ್ನು ಹಗುರವಾಗಿ ಕಾಣಬಾರದು. ಗಡಿನಾಡಿನವರು ದ್ವಿಭಾಷಿಕರು, ಸಂತೆಯಲ್ಲಿ, ಬಸ್ಸಿನಲ್ಲಿ, ಮಂಡಲ ಕಚೇರಿಯಲ್ಲಿ ತೆಲುಗನ್ನು ನಿರಾಯಾಸವಾಗಿ ಬಳಸುತ್ತಾರೆ, ಹಾಗಿರುವಾಗ ತೆಲುಗು ವರದಿ ಸಾಲದೇ? ರೇಷ್ಮೆಗೂಡಿನ ದರವನ್ನು ತೆಲುಗಿನಲ್ಲಿ ಚೌಕಾಸಿ ಮಾಡುವುದು ಒಂದು ಬಗೆಯ ಭಾಷಾಶಕ್ತಿ. ತನ್ನ ಮನೆಯ ಋಣ, ರೋಗ, ಮಗಳ ಓದು ಇವುಗಳನ್ನು ಕುರಿತು ಪರರು ಬರೆದದ್ದನ್ನು ಕೇಳಿ ‘ಇದು ಹೀಗಲ್ಲ’ ಎನ್ನುವುದು ಇನ್ನೊಂದು ಬಗೆಯದು. ಎರಡನೆಯದಕ್ಕೆ ಧೈರ್ಯ ಬೇಕು, ಧೈರ್ಯ ಮನೆಮಾತಿನಲ್ಲಿ ಬೇಗ ಬರುತ್ತದೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ಮಗುವಿನ ಕಲಿಕೆಗೆ ಸಲ್ಲುವ ಈ ವಿವೇಕ ತಾಯಿಯ ಬದುಕನ್ನು ಅಳೆಯುವ ವರದಿಗೂ ಸಲ್ಲಬೇಕಲ್ಲವೇ?

ಅನಂತಪುರ ಸೀಮೆಗೆ ಹೊರಗಿನವರ ಸೇವೆ ಅಪರಿಚಿತವಲ್ಲ. ಸ್ಪೇನ್ ಮೂಲದ ವಿನ್ಸೆಂಟ್ ಫೆರರ್ 1969ರಲ್ಲಿ ಇಲ್ಲಿಗೆ ಬಂದು ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಕಟ್ಟಿದರು. 2009ರಲ್ಲಿ ತೀರಿಕೊಳ್ಳುವವರೆಗೆ, ನಲವತ್ತು ವರ್ಷ, ಈ ಜಿಲ್ಲೆಯಲ್ಲೇ ಬಾಳಿದರು. ಏಳು ವಾರದ ವಿದ್ಯಾರ್ಥಿಯಿಂದ ನಲವತ್ತು ವರ್ಷವನ್ನು ಯಾರೂ ಕೇಳಲಾಗದು. ಆದರೆ ಅಲ್ಪಾವಧಿಯವನಿಗೆ ಸ್ಥಳೀಯ ಸಹಪಾಠಿ ಬೇಕೆಂದು ಕೇಳಬಹುದು. ನೀಲಗಿರಿಯ ಕೋಟಗಿರಿಯಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯ ಮತ್ತು ಕೀಸ್ಟೋನ್ ಪ್ರತಿಷ್ಠಾನ ಜೊತೆಯಾಗಿ ನಡೆಸುವ ಕ್ಷೇತ್ರಕಲಿಕೆಯ ಕೇಂದ್ರದಲ್ಲಿ ಅಮೆರಿಕದ ವಿದ್ಯಾರ್ಥಿಗಳೂ ಅಲ್ಲಿನ ಸಮುದಾಯಗಳ ಯುವಜನರೂ ಒಂದೇ ತರಗತಿಯಲ್ಲಿ ಕೂತು ಕಲಿಯುತ್ತಾರೆ. ಅದು ಸ್ನಾತಕ ಹಂತದ ಕಾರ್ಯಕ್ರಮ, ಸಲಹಾವೃತ್ತಿಯದ್ದಲ್ಲ. ಆದರೂ ಊರಿನವನು ದುಭಾಷಿಯಾಗದೆ ಸಹ-ಅಧ್ಯಯನಕಾರನಾಗುವ ಮಾದರಿ ಅಲ್ಲಿದೆ.

ರೊಳ್ಳಕ್ಕೆ ಇದು ದೂರದ ಮಾತಲ್ಲ. 1997ರಲ್ಲಿ ಸ್ಥಾಪನೆಯಾದ ಕುಪ್ಪಂನ ದ್ರಾವಿಡ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ. ಗಡಿಯೂರುಗಳಿಂದ ಬಂದು ಕನ್ನಡ, ತೆಲುಗು ಎರಡರಲ್ಲೂ ಬರೆಯಬಲ್ಲ ವಿದ್ಯಾರ್ಥಿ ಸಾಗರದಾಚೆಯ ತಂಡದಲ್ಲಿ ಸಮಾನ ಸದಸ್ಯನಾಗಲಿ. ಅಂಕವೂ ಹೆಸರೂ ಅವನಿಗೆ ಸಮನಾಗಿ ಸಲ್ಲಲಿ. ವರದಿಯ ಕನ್ನಡ ಪಾಠವನ್ನು ಸಂಘದ ಸಭೆಯಲ್ಲಿ ಓದಿ ಹೇಳಿದ ಮೇಲೆ, ಅಲ್ಲಿ ಬಂದ ತಿದ್ದುಪಡಿಗಳನ್ನು ಸೇರಿಸಿದ ಮೇಲೆ, ಅಂತಿಮ ಮೌಲ್ಯಮಾಪನ ನಡೆಯಲಿ. ಅದಕ್ಕೆ ಸಮಯ ಸಾಲದೆಂದಾದರೆ ಅಧ್ಯಯನದ ವಿಸ್ತಾರವನ್ನು ಕುಗ್ಗಿಸಲಿ.

ಇಷ್ಟು ಹೇಳುವಾಗ ಬೆರಳು ನಮ್ಮ ಕಡೆಗೂ ತಿರುಗುತ್ತದೆ. ಗಡಿನಾಡ ಕನ್ನಡವನ್ನು ಕುರಿತು ನಾವು ಬರೆದ ಎಷ್ಟು ಪ್ರಬಂಧಗಳನ್ನು ಆ ಊರುಗಳಲ್ಲಿ ಓದಿ ಹೇಳಿದ್ದೇವೆ? ನಮಗೆ ಸಾಗರ ದಾಟುವ ಕಷ್ಟವಿಲ್ಲ, ದುಭಾಷಿಯ ಖರ್ಚಿಲ್ಲ. ಆದರೂ ಪದಪಟ್ಟಿ, ಹಾಡು, ಗಾದೆಗಳನ್ನು ಸಂಗ್ರಹಿಸಿ ತಂದವರು ಪದವಿ ಕೈಗೆ ಬಂದ ಮೇಲೆ ಮರಳಿ ಹೋಗಿದ್ದು ಕಡಿಮೆ. ಪರದೇಶದ ವಿದ್ಯಾರ್ಥಿಗೆ ವಿಧಿಸುವ ನಿಯಮವನ್ನು ನಮ್ಮ ಸಂಶೋಧನಾರ್ಥಿಗೆ ಮೊದಲು ವಿಧಿಸಿದರೆ, ಅದನ್ನು ಕೇಳುವ ಅರ್ಹತೆಯಾದರೂ ನಮಗೆ ಬಂದೀತು.