ಎದುರು ವೇಷವಿಲ್ಲದ ಯುದ್ಧ

ಕಳೆದ ಮಳೆಗಾಲದಲ್ಲಿ ನಾವು ನಾಲ್ವರು ಒಂದೇ ಕಾದಂಬರಿ ಓದಿ, ನಾಲ್ಕು ಅಭಿಪ್ರಾಯ ಇಟ್ಟುಕೊಂಡು ಜಗಳವಾಡಿದೆವು. ಶಿರಸಿಯ ಒಬ್ಬಳು ಪದವಿ ವಿದ್ಯಾರ್ಥಿನಿ, ಸಿದ್ದಾಪುರದ ಕಡೆಯ ಒಬ್ಬರು ನಿವೃತ್ತ ಇಂಗ್ಲಿಷ್ ಮಾಸ್ತರು, ಯಲ್ಲಾಪುರದ ಒಬ್ಬ ಹುಡುಗ, ಮತ್ತೆ ನಾನು. ಶುರುವಾಗಿದ್ದು ವಿದ್ಯಾರ್ಥಿನಿಯಿಂದ. ನೆಟ್‌ಫ್ಲಿಕ್ಸ್‌ನ ‘ಲವ್, ಡೆತ್ ಆ್ಯಂಡ್ ರೋಬಾಟ್ಸ್’ ಸರಣಿಯಲ್ಲಿ ‘ಲಕ್ಕಿ 13’ ಎಂಬ ಕಂತು ನೋಡಿದ್ದ ಅವಳು, ಅದರ ಮೂಲ ಕತೆ ಬರೆದವರು ಯಾರೆಂದು ಹುಡುಕಿ ಮಾರ್ಕೊ ಕ್ಲೋಸ್ ಎಂಬ ಹೆಸರನ್ನು ಹಿಡಿದು ತಂದಳು. ಅವರ ‘ಫ್ರಂಟ್‌ಲೈನ್ಸ್’ ಕಾದಂಬರಿ ಸರಣಿಯ ಮೊದಲನೆಯದು ‘ಟರ್ಮ್ಸ್ ಆಫ್ ಎನ್‌ಲಿಸ್ಟ್‌ಮೆಂಟ್’. ನಾವು ಓದಿದ್ದು ಅದನ್ನು.

ಕ್ಲೋಸ್ ಜರ್ಮನಿಯಲ್ಲಿ ಹುಟ್ಟಿ, ಅಲ್ಲಿನ ಸೈನ್ಯದಲ್ಲಿ ಕೆಲಸ ಮಾಡಿ, ಆಮೇಲೆ ಅಮೆರಿಕದಲ್ಲಿ ನೆಲೆ ನಿಂತವರು. 2013ರಲ್ಲಿ ಈ ಕಾದಂಬರಿಯನ್ನು ತಾವೇ ಇ-ಪುಸ್ತಕವಾಗಿ ಪ್ರಕಟಿಸಿದರು. ಅದೇ ವರ್ಷ ಅಮೆಜಾನ್‌ನ 47ನಾರ್ತ್ ಎಂಬ ಪ್ರಕಾಶನ ಅದನ್ನು ಎತ್ತಿಕೊಂಡಿತು. 2022ರಲ್ಲಿ ಎಂಟನೆಯ ಪುಸ್ತಕ ಬಂತು. ಸ್ವಂತ ಪ್ರಕಟಣೆಯ ಪುಸ್ತಕಕ್ಕೆ ಪ್ರಕಾಶಕರ ಹೆಸರಿನ ಆಸರೆ ಇರುವುದಿಲ್ಲ, ಪತ್ರಿಕೆಗಳ ವಿಮರ್ಶೆಯೂ ಸಾಮಾನ್ಯವಾಗಿ ಸಿಗುವುದಿಲ್ಲ. ಅದನ್ನು ದಡ ಸೇರಿಸುವುದು ಓದಿದವರ ಮಾತು ಮಾತ್ರ. ಹಾಗಾಗಿ ಓದುಗರು ಏನು ಹೇಳುತ್ತಾರೆ ಎಂಬುದಕ್ಕೆ ಇಲ್ಲಿ ತೂಕ ಹೆಚ್ಚು. ಆ ಮಾತು ಪುಸ್ತಕದ ಯಾವ ಭಾಗಕ್ಕೆ ತಾಗುತ್ತದೆ, ಯಾವುದನ್ನು ದಾಟಿ ಹೋಗುತ್ತದೆ ಎಂಬುದೇ ನನ್ನ ಕುತೂಹಲ.

ಕತೆ ಹೀಗಿದೆ. ಭೂಮಿಯಲ್ಲಿ ಜನ ಕಿಕ್ಕಿರಿದಿದ್ದಾರೆ. ಬಡವರೆಲ್ಲ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ, ಪಡಿತರದ ರುಚಿಗೆಟ್ಟ ಆಹಾರ ತಿಂದುಕೊಂಡು ಇದ್ದಾರೆ. ಆ್ಯಂಡ್ರೂ ಗ್ರೇಸನ್ ಬಾಸ್ಟನ್ನಿನ ಅಂಥ ಒಂದು ಕೇರಿಯ ಹುಡುಗ. ಅಲ್ಲಿಂದ ಹೊರಬೀಳಲು ಅವನಿಗೆ ಕಾಣುವ ಬಾಗಿಲು ಸೈನ್ಯ. ಹೊಟ್ಟೆ ತುಂಬ ನಿಜವಾದ ಊಟ, ಕರಾರು ಮುಗಿದರೆ ಕೈಗೆ ಹಣ, ಅದೃಷ್ಟವಿದ್ದರೆ ಬೇರೆ ಗ್ರಹಗಳ ಪಯಣ. ಆದರೆ ಅವನನ್ನು ಹಾಕುವುದು ಆಕಾಶಕ್ಕಲ್ಲ, ಭೂಮಿಯ ಮೇಲಿನ ಪಡೆಗೆ. ಡೆಟ್ರಾಯಿಟ್‌ನಲ್ಲಿ ಗಲಭೆ ಹತ್ತಿಕ್ಕಲು ಅವನ ತುಕಡಿ ಹೋಗುತ್ತದೆ. ಒಂದು ವಸತಿ ಕಟ್ಟಡದಿಂದ ಗುಂಡು ಬರುತ್ತದೆ, ಗ್ರೇಸನ್ ಅದಕ್ಕೆ ರಾಕೆಟ್ ಹಾರಿಸುತ್ತಾನೆ. ಒಳಗಿದ್ದ ಸಾಮಾನ್ಯ ಜನರೂ ಸಾಯುತ್ತಾರೆ. ಈ ಹಗರಣದ ನಂತರ ಅವನ ವರ್ಗ ನೌಕಾಪಡೆಗೆ ಆಗುತ್ತದೆ. ಕೊನೆಯ ಭಾಗದಲ್ಲಿ, ದೂರದ ಒಂದು ಗ್ರಹದಲ್ಲಿ, 80 ಅಡಿ ಎತ್ತರದ ‘ಲ್ಯಾಂಕಿ’ಗಳೆಂಬ ಅನ್ಯಗ್ರಹ ಜೀವಿಗಳು ಎದುರಾಗುತ್ತವೆ.

ವಿದ್ಯಾರ್ಥಿನಿಯ ಅಭಿಪ್ರಾಯ ನೇರವಾಗಿತ್ತು: ಮೊದಲರ್ಧ ಉದ್ದವಾಯಿತು. ತರಬೇತಿ, ಬೂಟು, ಊಟದ ತಟ್ಟೆ, ಡೆಟ್ರಾಯಿಟ್, ಎಲ್ಲ ಮುಗಿದ ಮೇಲೆ ಕತೆ ಶುರುವಾಗುತ್ತದೆ. ‘ಲ್ಯಾಂಕಿಗಳು ಇನ್ನೂ ಬೇಗ ಬರ್ಬೇಕಿತ್ತು ಸರ್’ ಎಂದಳು. ಇದನ್ನು ತೆಗೆದು ಹಾಕುವಂತಿಲ್ಲ. ಮುಖಪುಟ ನೋಡಿ ಬಾಹ್ಯಾಕಾಶ ಯುದ್ಧವನ್ನು ನಿರೀಕ್ಷಿಸಿದವಳಿಗೆ ಪುಸ್ತಕ ಬಹಳ ಹೊತ್ತು ಬೇರೆಯದನ್ನೇ ಕೊಡುತ್ತದೆ.

ಮಾಸ್ತರರ ದೂರು ಬೇರೆ. ಅವರು ಚಿಕ್ಕಂದಿನಿಂದ ಯಕ್ಷಗಾನ ನೋಡಿದವರು, ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಯುದ್ಧದ ಕತೆಯೆಂದರೆ ಅವರಿಗೆ ಮೊದಲು ಕಾಣುವುದು ಎದುರು ವೇಷ. ಕರ್ಣಪರ್ವದಲ್ಲಿ ಅರ್ಜುನ ಎಷ್ಟು ಮುಖ್ಯವೋ ಕರ್ಣನೂ ಅಷ್ಟೇ ಮುಖ್ಯ, ಅವನ ಮಾತೂ ಅಷ್ಟೇ ಗಟ್ಟಿ ಇರಬೇಕು. ಇಲ್ಲಿ ಲ್ಯಾಂಕಿಗಳು ಮಾತೇ ಆಡುವುದಿಲ್ಲ. ನಾವು ಇರುವೆ ಸಾಲನ್ನು ನೋಡುವ ಹಾಗೆ ಮನುಷ್ಯರನ್ನು ನೋಡುತ್ತವೆ, ತುಳಿದು ಮುಂದೆ ಹೋಗುತ್ತವೆ. ‘ಎದ್ರಿಗೆ ವೇಷವೇ ಇಲ್ಲೆ, ಅರ್ಥ ಹೇಳದು ಯಾರ ಹತ್ರ ಮಾರಾಯ?’ ಎಂದು ಮಾಸ್ತರು ಪುಸ್ತಕ ಮುಚ್ಚಿದರು.

ಯಲ್ಲಾಪುರದ ಹುಡುಗ ಎಷ್ಟು ಅಂಕ ಕೊಡುತ್ತಾನೆಂದು ಕೇಳಿದರೆ ಏನೂ ಹೇಳಲಿಲ್ಲ. ಅವನು ಪುಸ್ತಕ ಮುಗಿಸಿಯೇ ಇರಲಿಲ್ಲ. ಅವನು ಅಗ್ನಿವೀರ ಭರ್ತಿಗೆ ತಯಾರಿ ಮಾಡುತ್ತಿರುವವನು, ಬೆಳಗಿನ ಜಾವ ಎದ್ದು ಓಡುತ್ತಾನೆ. 2022ರಲ್ಲಿ ಬಂದ ಆ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ, ಆಮೇಲೆ ಕಾಯಂ ಆಗುವವರು ಹೆಚ್ಚೆಂದರೆ ನೂರಕ್ಕೆ 25 ಮಂದಿ. ಗ್ರೇಸನ್ನನ ಕರಾರು, ಕೊನೆಗೆ ಸಿಗುವ ಹಣ, ಮನೆಯಿಂದ ಹೊರಬೀಳುವ ಆಸೆ, ಇದೆಲ್ಲ ಅವನಿಗೆ ಭವಿಷ್ಯದ ಕತೆ ಅನ್ನಿಸಲೇ ಇಲ್ಲ. ಡೆಟ್ರಾಯಿಟ್ ಅಧ್ಯಾಯಕ್ಕೆ ಬಂದು ನಿಂತಿದ್ದ. ‘ಆ ಕಟ್ಟಡದಾಗೆ ಇದ್ದೋರು ಅವನ ಕೇರಿಯೋರ ಹಾಂಗೇ ಅಲ್ವಾ? ಹಾರಿಸೂದಿಲ್ಲ ಅನ್ನೂಕೆ ಬರ್ತದಾ?’ ಎಂದು ಕೇಳಿದ. ನಮ್ಮಲ್ಲಿ ಯಾರೂ ತಕ್ಷಣ ಉತ್ತರ ಕೊಡಲಿಲ್ಲ.

ಮಾಸ್ತರು ಹುಡುಕುತ್ತಿದ್ದ ಎದುರು ವೇಷವನ್ನು ಈ ಹುಡುಗ ತೋರಿಸಿಕೊಟ್ಟ ಎಂದು ನನಗೆ ಅನ್ನಿಸಿತು. ಅದು ಲ್ಯಾಂಕಿಗಳಲ್ಲಿ ಇಲ್ಲ. ವಿದ್ಯಾರ್ಥಿನಿ ಉದ್ದವಾಯಿತೆಂದ ಆ ಮೊದಲರ್ಧದಲ್ಲಿದೆ. ಅಮ್ಮನನ್ನು ಬಾಸ್ಟನ್ನಿನ ಸಮುಚ್ಚಯದಲ್ಲಿ ಬಿಟ್ಟು ಬಂದವನು ಡೆಟ್ರಾಯಿಟ್‌ನ ಸಮುಚ್ಚಯಕ್ಕೆ ಗುರಿ ಇಡುತ್ತಾನೆ. ಅವನ ಎದುರು ನಿಂತಿರುವುದು, ಸೈನ್ಯಕ್ಕೆ ಸೇರದೇ ಹೋಗಿದ್ದರೆ ಅವನು ಏನಾಗಿ ಉಳಿಯುತ್ತಿದ್ದನೋ ಅದೇ. ಬೂಟು, ಊಟದ ತಟ್ಟೆಗಳ ವಿವರ ಇಲ್ಲದಿದ್ದರೆ ಈ ಗುಂಡಿಗೆ ಬೆಲೆಯೇ ಇರುತ್ತಿರಲಿಲ್ಲ. ಆ ತಟ್ಟೆಯ ಊಟಕ್ಕಾಗಿ ಅವನು ತೆತ್ತಿದ್ದು ಏನು ಎಂಬ ಲೆಕ್ಕ ಇಲ್ಲಿ ತೆರೆದುಕೊಳ್ಳುತ್ತದೆ.

ಹಾಗೆಂದು ಮಾಸ್ತರರ ಆಕ್ಷೇಪ ಬಿದ್ದುಹೋಗುವುದಿಲ್ಲ, ಇನ್ನೂ ಹರಿತವಾಗುತ್ತದೆ. ವಾಲಿ ಮೋಕ್ಷದ ತಾಳಮದ್ದಳೆಯಲ್ಲಿ ನಾವು ಕಾಯುವುದು ಬಾಣಕ್ಕಲ್ಲ, ಬಾಣ ತಾಗಿದ ಮೇಲಿನ ಮಾತಿಗೆ. ಮರೆಯಲ್ಲಿ ನಿಂತು ಯಾಕೆ ಹೊಡೆದೆ ಎಂದು ಬಿದ್ದವನು ಕೇಳುತ್ತಾನೆ, ಹೊಡೆದವನು ಉತ್ತರ ಹೇಳಲೇಬೇಕು. ಸಮರ್ಥ ಅರ್ಥಧಾರಿಗಳಿದ್ದರೆ ರಾಮ ಕೂಡ ಬೆವರುತ್ತಾನೆ. ಕ್ಲೋಸ್ ಅವರ ಕಟ್ಟಡದಲ್ಲಿ ಸತ್ತವರಿಗೆ ಹೆಸರಿಲ್ಲ, ಪ್ರಶ್ನೆ ಕೇಳುವ ಬಾಯಿಲ್ಲ. ಇಡೀ ಸರಣಿ ಗ್ರೇಸನ್ನನ ಬಾಯಲ್ಲಿ, ವರ್ತಮಾನ ಕಾಲದಲ್ಲಿ ಸಾಗುತ್ತದೆ. ಇದರಿಂದ ಓಟ ಬರುತ್ತದೆ, ಆದರೆ ನಿಂತು ಹಿಂದಿರುಗಿ ನೋಡುವ ಪುರಸೊತ್ತು ಸಿಗುವುದಿಲ್ಲ. ಅವನ ಅಳುಕು ನಿಜ. ಆದರೆ ವರ್ಗದ ಆದೇಶ ಬಂದು ಕತೆ ಆಕಾಶಕ್ಕೇರಿದ ಕೂಡಲೇ ಆ ಅಳುಕೂ ಹಿಂದೆ ಸರಿಯುತ್ತದೆ. ಮೊದಲ ಪುಸ್ತಕದ ದೊಡ್ಡ ಸೋಲು ಇದು.

ಆದರೆ ಇದು ಸರಣಿ. 2014ರಲ್ಲಿ ಬಂದ ‘ಲೈನ್ಸ್ ಆಫ್ ಡಿಪಾರ್ಚರ್’ನಲ್ಲಿ ಹಿಮ ತುಂಬಿದ ಒಂದು ವಸಾಹತಿನ ನಾಗರಿಕರಿಂದ ದಾಸ್ತಾನನ್ನು ಕಸಿಯಬೇಕೆಂಬ ಆದೇಶ ಬರುತ್ತದೆ. ಡೆಟ್ರಾಯಿಟ್‌ನಲ್ಲಿ ಗ್ರೇಸನ್ನನ ಜೊತೆಗಿದ್ದ ಸಾರ್ಜೆಂಟ್ ಫಾಲನ್ ಅಲ್ಲೂ ಇದ್ದಾಳೆ. ಈ ಸಲ ಇಬ್ಬರೂ ಆದೇಶವನ್ನು ಧಿಕ್ಕರಿಸುತ್ತಾರೆ. ಯಲ್ಲಾಪುರದ ಹುಡುಗನ ಪ್ರಶ್ನೆಗೆ ಲೇಖಕರ ಉತ್ತರ ಒಂದು ಪುಸ್ತಕ ತಡವಾಗಿ ಬರುತ್ತದೆ. ಡೆಟ್ರಾಯಿಟ್ ಪುಟಗಳನ್ನು ಹಾರಿಸಿ ಓದಿದವರಿಗೆ ಈ ದಂಗೆ ಬರೀ ರೋಚಕ ತಿರುವಾಗಿ ಕಂಡೀತು. ಮುಂದಿನ ಪುಸ್ತಕಗಳಲ್ಲಿ ಇಳಿಯುವುದು, ಹೊಡೆಯುವುದು, ಹಿಂದೆ ಸರಿಯುವುದು ಮತ್ತೆ ಮತ್ತೆ ಬಂದು ಕತೆ ತೆಳುವಾಗುತ್ತದೆ. ಮೊದಲೆರಡನ್ನು ಮಾತ್ರ ಜೋಡಿಯಾಗಿ ಓದಬೇಕು.

ಈ ಎರಡನೆಯ ಪುಸ್ತಕಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿಯಿದೆ. 2015ರಲ್ಲಿ ಅದು ಹ್ಯೂಗೊ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂತು. ಹ್ಯೂಗೊ ಓದುಗರೇ ಮತ ಹಾಕಿ ಕೊಡುವ ಪ್ರಶಸ್ತಿ. ಆ ವರ್ಷ ಕೆಲವು ಗುಂಪುಗಳು ಪಟ್ಟಿ ಹಂಚಿ, ಸಾಲಾಗಿ ಮತ ಹಾಕಿಸಿದ್ದವು. ತಮ್ಮ ಪುಸ್ತಕ ಹಾಗೆ ಬಂದಿದ್ದೆಂದು ತಿಳಿದಾಗ ಕ್ಲೋಸ್ ಅದನ್ನು ಹಿಂದಕ್ಕೆ ಪಡೆದರು. ತೆರವಾದ ಜಾಗಕ್ಕೆ ಚೀನಾದ ಲಿಯು ತ್ಸಿಶಿನ್ ಅವರ ‘ದ ತ್ರೀ-ಬಾಡಿ ಪ್ರಾಬ್ಲಮ್’ ಬಂತು, ಗೆದ್ದೂ ಬಿಟ್ಟಿತು. ಅನುವಾದಿತ ಕಾದಂಬರಿಯೊಂದಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಓದುಗರ ಮಾತನ್ನೇ ನಂಬಿ ಹೊರಟ ಲೇಖಕರಿಗೆ, ಓದಿ ಹೇಳಿದ ಮಾತು ಯಾವುದು, ಹೇಳಿಸಿದ ಮಾತು ಯಾವುದು ಎಂಬ ವ್ಯತ್ಯಾಸ ಗೊತ್ತಿತ್ತು.

ನಮಗೂ ಅದು ಗೊತ್ತಿರಬೇಕು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಇಂದಿಗೂ ನಮ್ಮ ಕಡೆ ಕೈಯಿಂದ ಹಣ ಹಾಕಿ ಪುಸ್ತಕ ತರುವವರು ಕಡಿಮೆಯಿಲ್ಲ. ಅವರು ಗೌರವ ಪ್ರತಿ ಕೊಡುತ್ತಾರೆ, ನಾವು ಕವಳ ಮೆಲ್ಲುತ್ತ ‘ಚೊಲೋ ಇದ್ದು’ ಎನ್ನುತ್ತೇವೆ. ಅಲ್ಲಿಗೆ ಮುಗಿಯಿತು. ಯಾವ ಪುಟದಲ್ಲಿ ಬೇಸರ ಬಂತು, ಎಲ್ಲಿ ಮುಂದೆ ಹೋಗಲಾಗದೆ ನಿಂತೆವು ಎಂದು ಹೇಳಿದರೆ ಬರೆದವರಿಗೆ ಬೇಜಾರಾಗಬಹುದು. ಆದರೆ ಅವರು ಕಾಯುತ್ತಿರುವುದು ಆ ಮಾತಿಗೇ.

ಯಲ್ಲಾಪುರದ ಹುಡುಗ ಬೆಳಗಿನ ಓಟ ನಿಲ್ಲಿಸಿಲ್ಲ. ಎರಡನೆಯ ಪುಸ್ತಕ ಬೇಕೆಂದು ಮೊನ್ನೆ ಫೋನ್ ಮಾಡಿದ್ದ. ‘ಮೊದಲನೇದು ಮುಗೀತಾ?’ ಎಂದು ಕೇಳಿದೆ. ಡೆಟ್ರಾಯಿಟ್ ಅಧ್ಯಾಯವನ್ನು ಎರಡು ಸಲ ಓದಿ ಮುಂದೆ ಹೋದೆ ಎಂದ.