ಕಲ್ಲು ಹೇಳದ ಹೆಸರು

ಅರಸೀಕೆರೆಯಲ್ಲಿ ರೈಲಿಳಿದು ಬೇಲೂರು, ಹಳೇಬೀಡಿಗೆ ಹೋಗುವವರು ಹೊಯ್ಸಳೇಶ್ವರದ ಪಕ್ಕದ ಮ್ಯೂಸಿಯಂಗೂ ಒಂದು ಸುತ್ತು ಬರುತ್ತಾರೆ. ಅಲ್ಲಿನ ವಿಗ್ರಹಗಳ ಚೆಲುವಿನ ಬಗ್ಗೆ ನಮ್ಮ ತಕರಾರಿಲ್ಲ. ಆ ಕಾಲದ ಚಿತ್ರ ಅರ್ಧಕ್ಕೇ ನಿಂತಿದೆ ಎಂಬುದು ನಮ್ಮ ಕೊರಗು.

ಹಳೇಬೀಡಿನ ಪಾರ್ಶ್ವನಾಥ ಬಸದಿ 1133ರದು. ಅದಕ್ಕೆ ಒಂದು ವರ್ಷ ಮೊದಲು, 1132ರ ಅಕ್ಟೋಬರ್ 17ರಂದು, ಮಂಗಳೂರಿನಲ್ಲಿದ್ದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಆಶು ಎಂಬ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟ. ಅವಳಿಗಿಟ್ಟ ಹೊಸ ಹೆಸರು ಬೆರಾಖಾ. ಅದು ನಮ್ಮ ಮನೆಮಾತಿನ ‘ಬರಕತ್’ನ ಒಡಹುಟ್ಟು. ದೇವರ ಹೆಸರಿರುವ ಬರಹವನ್ನು ಬಿಸಾಡಬಾರದೆಂಬ ಯೆಹೂದಿಯರ ನಂಬಿಕೆಯಿಂದ, ಅರಬ್ಬಿ ಮಾತನ್ನು ಹೀಬ್ರೂ ಲಿಪಿಯಲ್ಲಿ ಬರೆದ ಅವನ ಕಾಗದಗಳು ಕೈರೋದ ಪ್ರಾರ್ಥನಾ ಮಂದಿರವೊಂದರಲ್ಲಿ ಉಳಿದುಕೊಂಡವು. ಅಮಿತಾವ್ ಘೋಷ್ 1992ರಲ್ಲಿ ಈ ಕಥೆಗೆ ಒಂದು ಪುಸ್ತಕವನ್ನೇ ಮೀಸಲಿಟ್ಟರು.

ಮಂಗಳೂರು ಘಟ್ಟದ ಕೆಳಗಿನದು, ನಿಜ. ಆದರೆ ಕಾಲ ಒಂದೇ, ವಿಷ್ಣುವರ್ಧನನದು. ಬೇಲೂರಿನ ಶಿಲ್ಪಿ ದಾಸೋಜನ ಹೆಸರು ಕಲ್ಲಿನಲ್ಲಿದೆ. ಆಶುವಿನ ಹೆಸರು ಕಾಗದದಲ್ಲಷ್ಟೇ. ಈ ಗುಡಿಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದವು. ವಿಶ್ವವೋ, ಒಂಬತ್ತು ಶತಮಾನದ ಹಿಂದೆಯೇ ಹಡಗಿನಲ್ಲಿ ಬಂದು ನಮ್ಮ ಕರಾವಳಿಯಲ್ಲಿ ಮನೆ ಮಾಡಿತ್ತು. ಆ ಪತ್ರದ ಒಂದು ಪ್ರತಿಯನ್ನು ವಿಗ್ರಹಗಳ ಪಕ್ಕದಲ್ಲಿಟ್ಟರೆ, ‘ಇಲ್ಲಿಯವರು ಯಾರು, ಹೊರಗಿನವರು ಯಾರು’ ಎಂದು ಕೇಳುವವರು ತುಸು ಹೊತ್ತು ನಿಂತು ಓದಿಯಾರು.